ಕೋವಿಗೆ ಪರವಾನಗಿ ಇದೆ, ಬೇಟೆಗಿಲ್ಲ: ತಪಾಸಣೆಗೆ ನಿಲ್ಲಿಸಿದಾಗ ಕಾನೂನು ಏನು ಕೇಳುತ್ತದೆ?

ಕರ್ನಾಟಕದಲ್ಲಿ ಬೇಟೆ ಪರವಾನಗಿ ಎಂಬುದು ಇವತ್ತು ಯಾರಿಗೂ ಸಿಗುವುದಿಲ್ಲ. ಸಿಗುವುದು ಕೋವಿ ಪರವಾನಗಿ ಮಾತ್ರ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ದಕ್ಷಿಣ ಕನ್ನಡದ ಘಟ್ಟದ ತಪ್ಪಲಲ್ಲಿ ಈ ಎರಡನ್ನೂ ಒಂದೇ ಎಂದುಕೊಂಡು ಕೋರ್ಟು ಮೆಟ್ಟಿಲು ಹತ್ತಿದ ಮನೆಗಳಿವೆ. ‘ಲೈಸೆನ್ಸ್ ಇದೆಯಲ್ಲ ಸಾರ್’ ಎಂಬ ಮಾತು ಪೊಲೀಸರ ಮುಂದೆ ಅರ್ಧ ಉತ್ತರ. ಅರಣ್ಯ ಇಲಾಖೆಯವರ ಮುಂದೆ ಅದು ಉತ್ತರವೇ ಅಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆಗೆ ಬಗೆಬಗೆಯ ಪರವಾನಗಿಗಳಿದ್ದವು. ಪಡೆದವರು ಕೊಂದ, ಹಿಡಿದ ಪ್ರಾಣಿಗಳ ಲೆಕ್ಕ ಬರೆದಿಡಬೇಕಿತ್ತು, ಅಧಿಕಾರಿಗೆ ಒಪ್ಪಿಸಬೇಕಿತ್ತು. 1991ರ ತಿದ್ದುಪಡಿ ಆ ಇಡೀ ಏರ್ಪಾಡನ್ನು ತೆಗೆದುಹಾಕಿತು. ಅಲ್ಲಿಂದೀಚೆಗೆ ಸೆಕ್ಷನ್ 9ರ ಪ್ರಕಾರ ಬೇಟೆ ನಿಷಿದ್ಧ, ಕಾಯ್ದೆಯೇ ಹೇಳಿದ ಕೆಲವು ವಿನಾಯಿತಿ ಬಿಟ್ಟು. ಬೇಟೆ ಎಂದರೆ ಈಡು ಹೊಡೆಯುವುದಷ್ಟೇ ಎಂದೂ ತಿಳಿಯಬೇಡಿ. ಉರುಳು ಹಾಕುವುದು, ವಿಷವಿಡುವುದು, ಸೋವು ಹೊಡೆದು ಪ್ರಾಣಿಯನ್ನು ಓಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಹಂದಿ ಸಿಗದೆ ಬರಿಗೈಯಲ್ಲಿ ಮರಳಿದವನೂ ಅಪರಾಧಿಯಾಗಬಹುದು.

ಹಾಗಾದರೆ ಕೈಯಲ್ಲಿರುವ ಕೋವಿಯ ಪರವಾನಗಿ ಪುಸ್ತಕ ಕೊಡುವುದೇನು? 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13ರಲ್ಲಿ ಬೆಳೆ ರಕ್ಷಣೆಯ ಹೆಸರು ನೇರವಾಗಿ ಬರುತ್ತದೆ. ಪ್ರಾಮಾಣಿಕವಾಗಿ ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ನಾಡಕೋವಿ, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ (ನಳಿಗೆಯೊಳಗೆ ತೋಡುಗೆರೆಗಳಿಲ್ಲದ) ಕೋವಿ. ರೈತನಿಗೆ ಸಿಕ್ಕಿದ್ದು ಆ ಆಯುಧವನ್ನು ಇಟ್ಟುಕೊಳ್ಳುವ, ಷರತ್ತಿಗೆ ಒಳಪಟ್ಟು ಒಯ್ಯುವ ಅಧಿಕಾರ. ಅದರಿಂದ ಯಾವ ಪ್ರಾಣಿಯನ್ನು ಹೊಡೆಯಬಹುದು ಎಂಬ ಪ್ರಶ್ನೆಗೆ ಈ ಕಾಯ್ದೆಯಲ್ಲಿ ಉತ್ತರವಿಲ್ಲ. ತಪಾಸಣೆಯ ಹೊತ್ತಿನಲ್ಲಿ ಆಗುವ ಎಡವಟ್ಟುಗಳ ಬೇರು ಇದೇ.

ಮೊದಲು ರಸ್ತೆಯ ಮೇಲಿನ ತಪಾಸಣೆ. ಸೆಕ್ಷನ್ 19ರ ಪ್ರಕಾರ ಆಯುಧ ಒಯ್ಯುತ್ತಿರುವ ಯಾರನ್ನಾದರೂ ನಿಲ್ಲಿಸಿ ‘ಪರವಾನಗಿ ತೋರಿಸಿ’ ಎಂದು ಕೇಳುವ ಅಧಿಕಾರ ಯಾವುದೇ ಪೊಲೀಸ್ ಅಧಿಕಾರಿಗೂ ಇದೆ. ಸಬ್ ಇನ್ಸ್‌ಪೆಕ್ಟರೇ ಬರಲಿ ಎಂದು ಪಟ್ಟು ಹಿಡಿಯುವ ಹಕ್ಕು ನಮಗಿಲ್ಲ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು. ಅಗತ್ಯ ಕಂಡರೆ ಕೋವಿ, ತೋಟಾ ವಶಪಡಿಸಿಕೊಳ್ಳಬಹುದು. ಹೆಸರು ಹೇಳಲು ನಿರಾಕರಿಸಿದರೆ, ಸುಳ್ಳು ಹೆಸರು ಹೇಳುತ್ತಿದ್ದಾನೆ ಅಥವಾ ಓಡಿಹೋಗುತ್ತಾನೆ ಎಂಬ ಅನುಮಾನ ಬಂದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಈ ಸೆಕ್ಷನ್ ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾಗುತ್ತದೆ. ಪುಸ್ತಕ ಮನೆಯಲ್ಲಿ ಮರೆತು ಬಂದವನು ಶಾಂತವಾಗಿ ಹೆಸರು, ಊರು ಹೇಳಿ, ಕೋವಿ ಒಪ್ಪಿಸಿ ರಸೀದಿ ಕೇಳಿದರೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾನೆ. ವಾದಕ್ಕಿಳಿದವನು ಮುಂದಿನ ಮೆಟ್ಟಿಲುಗಳನ್ನು ತಾನೇ ಹತ್ತುತ್ತಾನೆ. ಇನ್ನು ಬಂಧನ ತಪ್ಪಿಸಿಕೊಳ್ಳಲೆಂದು ಕೋವಿಯನ್ನು ಹೇಗೇ ಬಳಸಿದರೂ ಸೆಕ್ಷನ್ 28ರಡಿ 7 ವರ್ಷದವರೆಗೆ ಜೈಲು.

ಕೋವಿ ಒಯ್ಯುವ ರೀತಿಗೂ ನಿಯಮವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಉದ್ದ ಕೋವಿಯನ್ನು ಅದರ ಚೀಲದಲ್ಲಿ, ಪೂರ್ತಿ ಮುಚ್ಚಿ ಒಯ್ಯಬೇಕು. ಹೆಗಲಿಗೆ ನೇತುಹಾಕಿಕೊಂಡು ಪೇಟೆಯಲ್ಲಿ ಓಡಾಡುವಂತಿಲ್ಲ. ನವೀಕರಣಕ್ಕೆ ಮಗನ ಕೈಯಲ್ಲಿ ಕೋವಿ ಕಳಿಸುವ ವಯಸ್ಸಾದ ಕೃಷಿಕರು ಇನ್ನೊಂದು ವಿಷಯ ಗಮನಿಸಬೇಕು. ಪರವಾನಗಿ ಇಲ್ಲದವರು ದುರಸ್ತಿಗೆ ಅಥವಾ ನವೀಕರಣಕ್ಕೆ ಕೋವಿ ಒಯ್ಯಲು ಸೆಕ್ಷನ್ 3 ಅವಕಾಶ ಕೊಡುತ್ತದೆ. ಆದರೆ ಪರವಾನಗಿದಾರ ಜೊತೆಗಿರಬೇಕು, ಇಲ್ಲವೇ ಅವರ ಲಿಖಿತ ಅಧಿಕಾರಪತ್ರ ಇರಬೇಕು. ಒಂದು ಬಿಳಿಹಾಳೆಯ ಮೇಲೆ ಕೋವಿಯ ನಂಬರು, ಒಯ್ಯುವವರ ಹೆಸರು, ಉದ್ದೇಶ, ದಿನಾಂಕ, ಸಹಿ ಇದ್ದರೆ ಆಯಿತು. ಅದಿಲ್ಲದಿದ್ದರೆ ಅಪ್ಪನ ಕೋವಿ ಮಗನ ಕೈಯಲ್ಲಿ ಅಕ್ರಮ ಆಯುಧ. ಪರವಾನಗಿ ಇಲ್ಲದೆ ಬಂದೂಕು ಹೊಂದಿದ್ದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ 2 ವರ್ಷ, ಗರಿಷ್ಠ 5 ವರ್ಷ.

ಇನ್ನು ಸೆಕ್ಷನ್ 20. ಇದರ ಬಗ್ಗೆ ಊರಲ್ಲಿ ಮಾತಾಡುವವರು ಕಡಿಮೆ; ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ‘ಪರವಾನಗಿ ಇರಲಿ, ಇಲ್ಲದಿರಲಿ’ ಎಂದೇ ಅದು ಹೇಳುತ್ತದೆ. ಆಯುಧವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ಉದ್ದೇಶವಿದೆ ಎಂಬ ನ್ಯಾಯವಾದ ಅನುಮಾನ ಹುಟ್ಟುವಂತೆ ಒಯ್ಯುತ್ತಿದ್ದರೆ ವಾರಂಟ್ ಇಲ್ಲದೆ ಬಂಧಿಸಿ ಆಯುಧ ವಶಪಡಿಸಿಕೊಳ್ಳಬಹುದು. ಈ ಅಧಿಕಾರ ಪೊಲೀಸರಿಗಷ್ಟೇ ಅಲ್ಲ, ಯಾವುದೇ ಸರ್ಕಾರಿ ನೌಕರನಿಗೂ ಇದೆ, ಅಂದರೆ ಫಾರೆಸ್ಟ್ ಗಾರ್ಡ್‌ಗೂ. ರಾತ್ರಿ ಹನ್ನೊಂದು ಗಂಟೆ, ಕಾಡಂಚಿನ ರಸ್ತೆ, ಜೀಪಿನಲ್ಲಿ ನಾಲ್ವರು, ತಲೆಗೆ ಕಟ್ಟಿದ ಟಾರ್ಚು, ನಳಿಗೆಯಲ್ಲಿ ತೋಟಾ. ಕೋವಿಯ ಕಾಗದ ಎಷ್ಟೇ ಸರಿಯಾಗಿದ್ದರೂ ಈ ಸನ್ನಿವೇಶವೇ ಅನುಮಾನಕ್ಕೆ ಆಧಾರ. ಅದೇ ಕೋವಿ ತನ್ನದೇ ಗದ್ದೆಯ ಅಟ್ಟಣೆಯಲ್ಲಿ ಕೂತ ರೈತನ ಕೈಯಲ್ಲಿದ್ದರೆ ಅರ್ಥ ಬೇರೆ.

ಎರಡನೆಯದು ಕೋವಿಯದೇ ತಪಾಸಣೆ. ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ, ಅಂದರೆ ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಡಿ.ಸಿ.ಯವರಿಗೆ, ಆ ಆಯುಧ ಇನ್ನೂ ನಿಮ್ಮ ಬಳಿಯೇ ಇದೆಯೇ ಎಂದು ಅವಧಿಯ ನಡುವೆ ಯಾವಾಗ ಬೇಕಾದರೂ ವಿಚಾರಿಸುವ, ಕೋವಿ ತಂದು ತೋರಿಸಿ ಎನ್ನುವ ಹಕ್ಕಿದೆ. ಇದು ಪರವಾನಗಿಯ ಷರತ್ತು. ಷರತ್ತು ಮುರಿದರೆ ಸೆಕ್ಷನ್ 30ರಡಿ ಶಿಕ್ಷೆ, ಸೆಕ್ಷನ್ 17ರಡಿ ಪರವಾನಗಿ ಅಮಾನತು ಅಥವಾ ರದ್ದು.

ಠಾಣೆಗೆ ಕೋವಿ ತಂದಾಗ ಏನು ನೋಡುತ್ತಾರೆ? ಕೇಪಿನ ಕೋವಿಯಾಗಿದ್ದರೆ ಮದ್ದು ತುಂಬಿಲ್ಲ, ತೋಟಾ ಕೋವಿಯಾಗಿದ್ದರೆ ನಳಿಗೆ ಖಾಲಿ ಎಂಬುದನ್ನು ಮೊದಲು. ಕೋವಿಯನ್ನು ಬಿಚ್ಚಿ ಖಾಲಿ ಎಂದು ತೋರಿಸಿಯೇ ಕೈಗೆ ಕೊಡುವುದು ಕಾನೂನಿಗಿಂತ ಮೊದಲು ಜೀವದ ಪ್ರಶ್ನೆ. ಆಮೇಲೆ ನಳಿಗೆಯ ಬುಡದಲ್ಲಿ ಕೊರೆದ ಅಂಕಿಯನ್ನು ಪುಸ್ತಕದ ಅಂಕಿಯೊಂದಿಗೆ ತಾಳೆ ಹಾಕುತ್ತಾರೆ. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇದೆಯೇ ನೋಡುತ್ತಾರೆ. ತೋಟಾಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದ ಮಿತಿಯೊಳಗಿದೆಯೇ ಎಂದು ಲೆಕ್ಕ ಹಾಕುತ್ತಾರೆ.

ತೊಂದರೆ ಶುರುವಾಗುವುದು ಆ ಅಂಕಿಯಲ್ಲಿ. ಮಲೆನಾಡಿನ ಮಳೆಗೆ ಐವತ್ತು ವರ್ಷದ ಕೋವಿಯ ಕಬ್ಬಿಣ ತುಕ್ಕು ತಿಂದಿರುತ್ತದೆ. 3 ಎಂಬುದು 8ರಂತೆ ಕಾಣುತ್ತದೆ, ಕೊನೆಯ ಅಂಕಿ ಮಾಸಿಯೇ ಹೋಗಿರುತ್ತದೆ. ಕಾಯ್ದೆಯ ಸೆಕ್ಷನ್ 8 ಈ ವಿಷಯದಲ್ಲಿ ಕಠಿಣ. ಗುರುತು ಅಳಿಸಿದ, ತಿದ್ದಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆ ಎಂದು ಭಾವಿಸಲಾಗುತ್ತದೆ. ಅಲ್ಲ ಎಂದು ರುಜುವಾತು ಮಾಡುವ ಹೊಣೆ ಅವರದೇ. ತುಕ್ಕು ಎಂಬ ನೆಪ ಕೇಸು ಬಿದ್ದ ಮೇಲೆ ಹೇಳಿದರೆ ದುರ್ಬಲ. ಅಂಕಿ ಮಸುಕಾಗುತ್ತಿದೆ ಎಂದು ಕಂಡ ಕೂಡಲೇ ಡಿ.ಸಿ. ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟರೆ ಅದೇ ಬಲವಾದ ಆಧಾರ. ಮರಳು ಕಾಗದ ಹಾಕಿ ಉಜ್ಜಿ ಹೊಳಪು ಕೊಡಲು ಹೋಗಬೇಡಿ.

ಗೋಡೆಗೆ ನೇತುಹಾಕಿದ ಅಜ್ಜನ ಕೋವಿಯ ಬಗ್ಗೆಯೂ ತಪ್ಪು ಕಲ್ಪನೆ ವ್ಯಾಪಕ. ಹಳೆಯದು, ಕೆಟ್ಟುಹೋಗಿದೆ, ಹಾಗಾಗಿ ಪರವಾನಗಿ ಬೇಡ ಎನ್ನುತ್ತಾರೆ. ಕೆಟ್ಟ ಬಂದೂಕಿಗೆ ಸೆಕ್ಷನ್ 45 ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಬಳಸಲಾಗದಂತಿದ್ದರೆ ಮಾತ್ರ. ಕೋವಿಯ ಕುದುರೆ ಎಂಬ ಭಾಗದ ಸ್ಪ್ರಿಂಗು ಬದಲಿಸಿದರೆ ಹೊಡೆಯುತ್ತದೆ ಎಂದಾದರೆ ಅದು ಬಂದೂಕೇ. ಪರವಾನಗಿದಾರ ತೀರಿಕೊಂಡಾಗ ಮನೆಯವರು ತಿಥಿ ಮುಗಿಸಿ, ಆಸ್ತಿ ಪಾಲು ಮಾಡಿ, ಕೋವಿಯನ್ನು ಮಾತ್ರ ಅಟ್ಟದಲ್ಲೇ ಬಿಡುತ್ತಾರೆ. ಅದನ್ನು ಅನಗತ್ಯ ತಡವಿಲ್ಲದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಬದುಕಿರುವಾಗಲೇ ವರ್ಗಾಯಿಸುವ ದಾರಿಯೂ ಇದೆ: ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ ವಾರಸುದಾರರಿಗೆ ಪರವಾನಗಿ ಕೋರಬಹುದು.

ಕೋವಿ ಎರವಲು ಕೊಡುವುದಂತೂ ಎಲ್ಲಕ್ಕಿಂತ ದೊಡ್ಡ ಪಿಡುಗು. ‘ಹಂದಿಗೆ ಒಂದು ರಾತ್ರಿ ಬೇಕಿತ್ತು’ ಎಂದು ನೆರೆಯವ ಕೇಳುತ್ತಾನೆ, ಇಲ್ಲ ಎನ್ನಲು ಸಂಕೋಚ. ಪೊದೆ ಅಲುಗಿತೆಂದು ಹಾರಿಸಿದ ಈಡು ಜೊತೆಗಾರನಿಗೆ ತಗುಲಿದ ಸುದ್ದಿಗಳನ್ನು ಮಲೆನಾಡಿನ ಪತ್ರಿಕೆ ಓದುವವರೆಲ್ಲ ಓದಿದ್ದೇವೆ. ಆಗ ಹೊಡೆದವನ ಜೊತೆ ಕೋವಿ ಕೊಟ್ಟವನೂ ಆರೋಪಿ. ಕೋವಿ ಎಲ್ಲಿದೆ ಎಂದು ತಪಾಸಣೆಗೆ ಬಂದವರು ಕೇಳಿದಾಗ ‘ಪಕ್ಕದ ಮನೆಯಲ್ಲಿದೆ’ ಎಂಬ ಉತ್ತರಕ್ಕೆ ಕಾನೂನಿನಲ್ಲಿ ಯಾವ ರಕ್ಷಣೆಯೂ ಇಲ್ಲ. ಕಳೆದುಹೋದರೆ, ಕಳುವಾದರೆ ಆ ಕ್ಷಣವೇ ಠಾಣೆಗೆ ತಿಳಿಸಬೇಕು. ತಪಾಸಣೆಯ ದಿನ ‘ಹೋದ ವರ್ಷವೇ ಕಳೆದಿತ್ತು’ ಎಂದರೆ ಯಾರೂ ನಂಬುವುದಿಲ್ಲ.

ಇನ್ನು ಅರಣ್ಯ ಇಲಾಖೆ. ಇಲ್ಲಿ ಕಾನೂನೂ ಬೇರೆ, ಅದರ ಬಿಗಿಯೂ ಬೇರೆ. ವನ್ಯಜೀವಿ ಕಾಯ್ದೆಯ ಸೆಕ್ಷನ್ 50ರ ಪ್ರಕಾರ ಅರಣ್ಯಾಧಿಕಾರಿ, ಅಥವಾ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಅಪರಾಧ ನಡೆದಿದೆ ಎಂದು ನಂಬಲು ಸಕಾರಣವಿದ್ದರೆ ವಾಹನ ನಿಲ್ಲಿಸಬಹುದು, ಮನೆ, ಜಮೀನು ಶೋಧಿಸಬಹುದು, ಚೀಲ ಬಿಚ್ಚಿಸಬಹುದು. ಮಾಂಸ, ಚರ್ಮ, ಕೊಂಬು ಮಾತ್ರವಲ್ಲ, ಕೃತ್ಯಕ್ಕೆ ಬಳಸಿದ ಉರುಳು, ಕೋವಿ, ಜೀಪು ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳಬಹುದು. ‘ವಾರಂಟ್ ತೋರಿಸಿ’ ಎಂದು ಬಾಗಿಲಲ್ಲಿ ಅಡ್ಡ ನಿಲ್ಲುವುದು ಸಿನಿಮಾದಿಂದ ಕಲಿತ ಪಾಠ. ಸೆಕ್ಷನ್ 50ರ ಮುಂದೆ ಅದು ನಡೆಯುವುದಿಲ್ಲ.

ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಯಾವುದೇ ಆಯುಧದೊಂದಿಗೆ ಕಾಲಿಡುವುದೇ ಅಪರಾಧ, ಸೆಕ್ಷನ್ 31. ಅಂಥ ಕಾಡಿನ ನಡುವಿನ ರಸ್ತೆಯಲ್ಲಿ ಕೋವಿ ಇಟ್ಟುಕೊಂಡು ಸಾಗುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸೆಕ್ಷನ್ 34 ಇನ್ನೂ ವಿಶಾಲ: ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿ ಪರವಾನಗಿದಾರರು, ಅಭಯಾರಣ್ಯ ಘೋಷಣೆಯಾದ 3 ತಿಂಗಳೊಳಗೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು.

ಕೊಡಗಿನವರು ಇಲ್ಲಿ ಒಂದು ಸಾಲನ್ನು ಎರಡು ಸಲ ಓದಬೇಕು. ಕೊಡವರಿಗೂ ಜಮ್ಮಾ ಎಂಬ ಪರಂಪರಾಗತ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುವ ಜನಕ್ಕೆ ಅದು ಗೌರವದ ವಿಷಯ, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ಸೆಕ್ಷನ್ 34 ‘ಪರವಾನಗಿ ಇರುವವರು’ ಎಂದು ಹೇಳಿ ನಿಲ್ಲಿಸಿಲ್ಲ, ‘ಆ ಕಾಯ್ದೆಯಿಂದ ವಿನಾಯಿತಿ ಪಡೆದು ಆಯುಧ ಹೊಂದಿರುವವರು’ ಎಂದೂ ಸೇರಿಸಿದೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಸುತ್ತ 10 ಕಿಲೋಮೀಟರ್ ಗೆರೆ ಎಳೆದರೆ ಜಿಲ್ಲೆಯ ಎಷ್ಟು ಊರುಗಳು ಅದರೊಳಗೆ ಬರುತ್ತವೆ ಎಂಬುದನ್ನು ಅಲ್ಲಿಯವರಿಗೆ ನಾನು ಹೇಳಬೇಕಿಲ್ಲ. ರಸ್ತೆಯಲ್ಲಿ ನಿಲ್ಲಿಸಿದಾಗಲೂ ಅಷ್ಟೇ. ವಿನಾಯಿತಿ ಇದೆ ಎಂಬುದನ್ನು ತೋರಿಸುವ ಹೊಣೆ ಒಯ್ಯುವವರ ಮೇಲಿದೆ, ಪ್ರಮಾಣಪತ್ರ ಜೊತೆಗಿರಲೇಬೇಕು.

ಮನೆಯಲ್ಲಿ ಮಾಂಸ ಸಿಕ್ಕಿದರೆ ವನ್ಯಜೀವಿ ಕಾಯ್ದೆಯ ಸೆಕ್ಷನ್ 57 ಎದುರಾಗುತ್ತದೆ. ಅದು ಕಾಡುಪ್ರಾಣಿಯ ಮಾಂಸ, ಅದು ನಿಮ್ಮ ವಶದಲ್ಲಿತ್ತು ಎಂದು ಸ್ಥಾಪಿತವಾದರೆ, ಅಕ್ರಮವಾಗಿ ಇಟ್ಟುಕೊಂಡಿರಲಿಲ್ಲ ಎಂದು ಸಾಬೀತುಪಡಿಸುವ ಭಾರ ನಿಮ್ಮದು. ಕುರಿ ಮಾಂಸ ಎಂಬ ಸಮಜಾಯಿಷಿ ಈಗ ಪ್ರಯೋಗಾಲಯ ದಾಟುವುದಿಲ್ಲ. ಹೈದರಾಬಾದಿನ ಸಿಸಿಎಂಬಿಯಂಥ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಸಂಸ್ಥೆಗಳು ಬೇಯಿಸಿದ ತುಣುಕಿನ ಡಿಎನ್‌ಎಯಿಂದಲೂ ಪ್ರಾಣಿ ಯಾವುದೆಂದು ಗುರುತಿಸುತ್ತವೆ. ಕಾಟಿ (ಕಾಡುಕೋಣ), ನವಿಲಿನಂಥ, ಕಾಯ್ದೆಯ ಮೊದಲ ಪರಿಚ್ಛೇದದ (ಷೆಡ್ಯೂಲ್ 1) ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2022ರ ತಿದ್ದುಪಡಿಯ ನಂತರ ಉಳಿದ ಪ್ರಾಣಿಗಳ ವಿಷಯದಲ್ಲೂ ದಂಡ ಲಕ್ಷ ರೂಪಾಯಿವರೆಗೆ ಹೋಗುತ್ತದೆ.

ಹಾಗೆಂದು ಸಹಕಾರ ಎಂದರೆ ಕೇಳಿದ್ದಕ್ಕೆಲ್ಲ ಒಪ್ಪಿಕೊಂಡು ಸಹಿ ಹಾಕುವುದಲ್ಲ. ಕಾಗದ, ಕೋವಿ, ಚೀಲ ತೋರಿಸುವುದು ಕರ್ತವ್ಯ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ ಎಂಬುದು ಸಂವಿಧಾನದ 20(3)ನೇ ವಿಧಿಯ ಮಾತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬ ತಿಳಿವಳಿಕೆ ಹಳ್ಳಿಯಲ್ಲೂ ಇದೆ. ಆದರೆ ಅಧಿಕಾರ ಪಡೆದ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಯ ಅಥವಾ ಅದಕ್ಕೂ ಮೇಲಿನ ಅರಣ್ಯಾಧಿಕಾರಿ ಆರೋಪಿಯ ಎದುರಿನಲ್ಲಿ ದಾಖಲಿಸಿದ ಸಾಕ್ಷ್ಯ ವಿಚಾರಣೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಅರಣ್ಯ ಕಚೇರಿಯಲ್ಲಿ ಹೇಳಿಕೆ ಕೊಡುವ ಮುನ್ನ ವಕೀಲರೊಡನೆ ಮಾತಾಡುವುದು ಅಪರಾಧವನ್ನು ಒಪ್ಪಿಕೊಂಡಂತೆ ಅಲ್ಲ, ಅದು ವಿವೇಕ.

ಬೇಟೆ ಕಾನೂನುಬದ್ಧವಾಗಿರುವ ನಾಡುಗಳಲ್ಲಿ ಈ ಕರ್ತವ್ಯಗಳು ಇನ್ನೂ ನೇರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವನ್ಯಜೀವಿ ವಾರ್ಡನ್ ಕೇಳಿದರೆ ಪರವಾನಗಿ, ಟ್ಯಾಗು (ಹೊಡೆದ ಪ್ರಾಣಿಗೆ ಕಟ್ಟುವ ಚೀಟಿ), ಹೊಡೆದ ಪ್ರಾಣಿ, ಹೊಡೆಯಲು ಬಳಸಬಹುದಾದ ಸಾಧನ ಎಲ್ಲವನ್ನೂ ತೋರಿಸಲೇಬೇಕು. ಅಲ್ಲಿಯದೇ ಮೊಂಟಾನಾ ರಾಜ್ಯದಲ್ಲಿ ದಾರಿಯಲ್ಲಿ ಸಿಗುವ ತಪಾಸಣಾ ಕೇಂದ್ರದಲ್ಲಿ ಬೇಟೆಗಾರರು, ಏನೂ ಸಿಗದಿದ್ದರೂ, ನಿಲ್ಲಿಸಲೇಬೇಕು. ಅಲ್ಲಿ ನೆಲೆಸಿ ಬೇಟೆಯ ಹವ್ಯಾಸ ಬೆಳೆಸಿಕೊಂಡ ನಮ್ಮವರು ರಜೆಗೆ ಊರಿಗೆ ಬಂದಾಗ ನೆನಪಿಡಬೇಕಾದದ್ದು, ಇಲ್ಲಿ ತೋರಿಸಲು ಟ್ಯಾಗು ಇಲ್ಲ, ಕಾನೂನುಬದ್ಧವಾದ ಬೇಟೆಯ ಚೀಲವೂ ಇಲ್ಲ.

ಬೆಳೆ ಕಳೆದುಕೊಂಡ ರೈತನ ಸಂಕಟಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ದಾರಿಯೇ ಇಲ್ಲವೇ? ಇದೆ, ಸೆಕ್ಷನ್ 11. ಜೀವಕ್ಕೆ ಅಥವಾ ನಿಂತ ಬೆಳೆ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದ, ಎರಡನೇ ಪರಿಚ್ಛೇದದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಕಾಡುಹಂದಿ ಆ ಪರಿಚ್ಛೇದದಲ್ಲೇ ಇದೆ. ಕೇರಳ 2022ರಲ್ಲಿ ಈ ಅಧಿಕಾರವನ್ನು ಹಂದಿಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರವರೆಗೆ ಇಳಿಸಿತು. ಕಾಸರಗೋಡಿನ ಕನ್ನಡ ಕೃಷಿಕರಿಗೆ ಇದು ಗೊತ್ತು. ಅಲ್ಲಿಯೂ ವಿಷ, ಸ್ಫೋಟಕ, ವಿದ್ಯುತ್ ಬಳಸುವಂತಿಲ್ಲ. ಗಡಿ ದಾಟಿ ಈಚೆಗೆ ಬಂದರೆ ಆ ಅನುಮತಿ ಲೆಕ್ಕಕ್ಕಿಲ್ಲ. ಆದೇಶ ಕೈಯಲ್ಲಿರಬೇಕು, ಬಾಯಿಮಾತಿನ ಒಪ್ಪಿಗೆ ತಪಾಸಣೆಯಲ್ಲಿ ಉಳಿಯುವುದಿಲ್ಲ. ಪ್ರಾಣಿ ಮೈಮೇಲೆ ಬಂದಾಗ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಆದರೆ ಕಳೇಬರ ಸರ್ಕಾರದ ಸ್ವತ್ತು. 48 ಗಂಟೆಯೊಳಗೆ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಹೆದರಿ ಹೂತುಹಾಕಿದರೆ ಆತ್ಮರಕ್ಷಣೆಯ ವಾದವೂ ಅದರ ಜೊತೆಗೇ ಮಣ್ಣಾಗುತ್ತದೆ.

ಅಧಿಕಾರಿಗಳ ಕಡೆಯ ಬಾಧ್ಯತೆಗಳೂ ಸಣ್ಣವಲ್ಲ. ವಶಪಡಿಸಿಕೊಂಡ ವಸ್ತುಗಳ ಪಟ್ಟಿ, ಸ್ಥಳೀಯ ಸಾಕ್ಷಿಗಳ ಸಹಿ, ಮಹಜರಿನ ಪ್ರತಿ ಇವೆಲ್ಲ ಮನೆಯವರಿಗೆ ಮಾಡುವ ಉಪಕಾರವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105 ಪೊಲೀಸ್ ಶೋಧ ಮತ್ತು ಜಪ್ತಿಯನ್ನು ದೃಶ್ಯ, ಧ್ವನಿ ಸಹಿತ ಚಿತ್ರೀಕರಿಸಬೇಕೆನ್ನುತ್ತದೆ. ಅಗತ್ಯವಿಲ್ಲದೆ, ಕಿರುಕುಳಕ್ಕೆಂದೇ ಜಪ್ತಿ ಮಾಡಿದ ಅಧಿಕಾರಿಗೆ ವನ್ಯಜೀವಿ ಕಾಯ್ದೆಯ ಸೆಕ್ಷನ್ 53ರಲ್ಲಿ 6 ತಿಂಗಳವರೆಗೆ ಜೈಲು ಇದೆ. ದಂಡ ಮಾತ್ರ ಇಂದಿಗೂ 500 ರೂಪಾಯಿ. ಬೇಟೆಗಾರನ ದಂಡವನ್ನು ಏರಿಸಿದ ಸಂಸತ್ತು ಇದನ್ನೂ ಏರಿಸಬೇಕಿತ್ತು.

ಚುನಾವಣೆ ಬಂದಾಗ ಕೋವಿ ಠೇವಣಿಯ ಗೊಂದಲ ಪ್ರತಿಸಲವೂ ಮರುಕಳಿಸುತ್ತದೆ. ಪ್ರತಿ ಪರವಾನಗಿದಾರನ ವಿಷಯವನ್ನೂ ಪರಿಶೀಲನಾ ಸಮಿತಿ ನೋಡಿ, ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ತೊಡಗಿದ್ದವರನ್ನು ಗುರುತಿಸಿ ನಿರ್ಧರಿಸಬೇಕು ಎಂಬುದು ಚುನಾವಣಾ ಆಯೋಗದ ಮಾರ್ಗಸೂಚಿಯ ಆಶಯ. ನೆಲದ ಮೇಲೆ ಎಲ್ಲರಿಗೂ ಒಂದೇ ಆದೇಶ ಬರುವುದೇ ಹೆಚ್ಚು. ತೋಟ ಕಾಯುವ ಒಂಟಿ ಮನೆಯವರು ವಿನಾಯಿತಿ ಕೋರಿ ಮೊದಲೇ ಅರ್ಜಿ ಕೊಡಬಹುದು, ಕೊಡಬೇಕು. ತಿರಸ್ಕೃತವಾದರೆ ಠೇವಣಿ ಇಡಲೇಬೇಕು. ಆಗ ರಸೀದಿಯಲ್ಲಿ ಕೋವಿಯ ನಂಬರು, ತೋಟಾಗಳ ಎಣಿಕೆ, ನಳಿಗೆ ಮತ್ತು ಹಿಡಿಯ ಸ್ಥಿತಿ ಬರೆಸಿಕೊಳ್ಳಿ. ಠಾಣೆಯ ಮೂಲೆಯಲ್ಲಿ ಸಾಲಾಗಿ ಒರಗಿಸಿಟ್ಟ ಕೋವಿಗಳು ಮರಳಿ ಬರುವಾಗ ಹಿಡಿ ಬಿರುಕು ಬಿಟ್ಟಿರುತ್ತವೆ, ನಳಿಗೆಗೆ ತುಕ್ಕು ಹಿಡಿದಿರುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಕೇಳಲು ಆಧಾರವಿರುವುದಿಲ್ಲ.

ಇಷ್ಟೆಲ್ಲ ಷರತ್ತಿನ ಭಾರ ಹೊರುವ ರೈತನಿಗೆ ಆ ಷರತ್ತುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪರವಾನಗಿ ಪುಸ್ತಕದ ಜೊತೆಗೇ ಕೊಡುವುದು ಡಿ.ಸಿ. ಕಚೇರಿಗಳಿಗೆ ಕಷ್ಟದ ಕೆಲಸವಲ್ಲ. 10 ಕಿಲೋಮೀಟರ್ ವ್ಯಾಪ್ತಿಗೆ ಬರುವ ಗ್ರಾಮಗಳ ಪಟ್ಟಿಯನ್ನು ಅರಣ್ಯ ಇಲಾಖೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಬಹುದು, ಸೆಕ್ಷನ್ 34ರ ನೋಂದಣಿಗೆ ಅಲ್ಲೇ ಒಂದು ದಿನ ಶಿಬಿರ ನಡೆಸಬಹುದು. ಅದು ಆಗುವವರೆಗೆ ಪರವಾನಗಿದಾರರೇ ಪುಸ್ತಕದ ಹಿಂಬದಿಯ ಷರತ್ತುಗಳನ್ನು ಬಲ್ಲವರಿಂದ ಓದಿಸಿಕೊಂಡು, ಕೋವಿಯ ನಂಬರನ್ನು ಈ ವಾರವೇ ಒಮ್ಮೆ ತಾಳೆ ನೋಡಿಕೊಳ್ಳಲಿ.